ಬಾಗಿಲಿಗೆ ಬಂದು ಕೇಳುವವರು ಯಾರು?

2025ರ ನವೆಂಬರ್ 1ರಂದು ತ್ರಿಶೂರಿನ ನಮ್ಮ ಕನ್ನಡ ಸಂಘದಲ್ಲಿ ಬಾವುಟ ಏರಿಸಿ, ನಾಡಗೀತೆ ಹಾಡಿ, ಉಪ್ಪಿಟ್ಟು ಶಿರಾ ತಿಂದು ಹೊರಗೆ ಬರುವ ಹೊತ್ತಿಗೆ, ನನ್ನ ಜೊತೆ ಕೆಲಸ ಮಾಡುವ ಮಲಯಾಳಿ ಚೇಚಿಯೊಬ್ಬರ (ಚೇಚಿ ಎಂದರೆ ಅಕ್ಕ) ಫೋನ್ ಬಂತು. ಕೇರಳ ಹುಟ್ಟಿದ್ದೂ 1956ರ ಅದೇ ದಿನ, ಆದ್ದರಿಂದ ಅವರಿಗೂ ಹಬ್ಬ. ಶುಭಾಶಯ ಹೇಳಿ, "ಸುದ್ದಿ ಕೇಳಿದಿರಾ? ಇವತ್ತು ನಮ್ಮ ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಕೇರಳ ಕಡುಬಡತನ ಮುಕ್ತ ಅಂತ ಘೋಷಿಸಿದರು" ಎಂದರು. ದನಿಯಲ್ಲಿ ಸಂತೋಷವಿತ್ತು. ಆಮೇಲೆ ತೀರಾ ಸಹಜವಾಗಿ ಕೇಳಿದರು: "ನಿಮ್ಮಲ್ಲಿ ತೀರಾ ಬಡವರ ಪಟ್ಟಿ ಯಾರು ಮಾಡುತ್ತಾರೆ?"

ಬಿಪಿಎಲ್ ಕಾರ್ಡು ಇದೆಯಲ್ಲ ಅಂದೆ. "ಕಾರ್ಡು ನಮ್ಮಲ್ಲೂ ಇದೆ. ಕಾರ್ಡು ಮಾಡಿಸಿಕೊಳ್ಳುವುದಕ್ಕೂ ಆಗದವರು ಇರುತ್ತಾರಲ್ಲ, ಅವರ ಬಾಗಿಲಿಗೆ ಬಂದು ಕೇಳುವವರು ಯಾರು?" ಎಂದರು. ಚುಚ್ಚಬೇಕೆಂದು ಕೇಳಿದ ಮಾತಲ್ಲ. ಆದರೂ ಚುಚ್ಚಿತು.

ಯಾಕೆಂದರೆ ಅದೇ ವಾರ ಊರಿನಿಂದ ತಮ್ಮ ಮಾತಾಡಿದ್ದ. ನಮ್ಮದು ಯಾದಗಿರಿ ಜಿಲ್ಲೆ. ಆ ವರ್ಷ ಭೀಮಾ ಹೊಳೆ ಉಕ್ಕಿ, ಮಳೆ ಬಿಡದೆ ಹೊಡೆದು, ಹತ್ತಿ ಕಪ್ಪಾಗಿತ್ತು, ತೊಗರಿ ನಿಂತಲ್ಲೇ ಕೊಳೆತಿತ್ತು. ದೀಪಾವಳಿ ಮುಗಿದದ್ದೇ ತಡ, ಜನ ಗಂಟುಮೂಟೆ ಕಟ್ಟಿದ್ದರು. "ಯಣ್ಣಾ, ನಮ್ಮ ಓಣ್ಯಾಗ ಕೀಲಿ ಹಾಕಿದ ಮನಿನೇ ಹೆಚ್ಚದಾವ. ಮುದುಕ್ರು, ಹುಡುಗ್ರು ಅಷ್ಟೇ ಉಳದಾರ" ಅಂದಿದ್ದ. ಯಾರ ಮನೆಯಲ್ಲಿ ಯಾವ ಮುದುಕಿ ಒಬ್ಬಳೇ ಉಳಿದಳು, ಅವಳಿಗೆ ರೊಟ್ಟಿ ಬಡಿದು ಕೊಡುವವರು ಯಾರು ಎಂದು ಬರೆದಿಟ್ಟುಕೊಳ್ಳುವ ಒಂದು ಪುಸ್ತಕವೂ ನಮ್ಮೂರಲ್ಲಿ ಇಲ್ಲ. ಗೊತ್ತಿರುವುದು ಓಣಿಯವರಿಗೆ ಮಾತ್ರ, ಆ ಓಣಿಯೇ ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿದೆ.

ಕೇರಳದವರು ಏನು ಮಾಡಿದರೆಂಬುದನ್ನು ಇಲ್ಲೇ ಇದ್ದು ನೋಡಿದ್ದೇನೆ. 2021ರ ಮೇ ತಿಂಗಳಲ್ಲಿ ಎರಡನೆಯ ಸಲ ಅಧಿಕಾರಕ್ಕೆ ಬಂದ ಪಿಣರಾಯಿ ವಿಜಯನ್ ಸರ್ಕಾರ ಮೊದಲ ಸಂಪುಟ ಸಭೆಯಲ್ಲೇ ಕಡುಬಡತನ ತೊಲಗಿಸುವ ತೀರ್ಮಾನ ಮಾಡಿತು. ಊಟ, ಆರೋಗ್ಯ, ಆದಾಯ, ಸೂರು ಎಂಬ ನಾಲ್ಕನ್ನು ಅಳತೆಗೋಲಾಗಿ ಇಟ್ಟುಕೊಂಡು ವಾರ್ಡು ವಾರ್ಡಿನಲ್ಲೂ ಹುಡುಕಿದರು. ಪಂಚಾಯಿತಿ ಸದಸ್ಯರು, ಕುಟುಂಬಶ್ರೀ ಎಂಬ ರಾಜ್ಯವ್ಯಾಪಿ ಮಹಿಳಾ ಸಂಘಗಳ ಸದಸ್ಯೆಯರು, ಆಶಾ ಕಾರ್ಯಕರ್ತೆಯರು ಕೂತು ಹೆಸರು ಹೇಳಿದರು, ಹೋಗಿ ನೋಡಿದರು, ಗ್ರಾಮಸಭೆಯ ಮುಂದಿಟ್ಟರು. ಕೊನೆಗೆ ಉಳಿದದ್ದು 64,006 ಕುಟುಂಬ, 1,03,099 ಜನ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕುಟುಂಬಕ್ಕೆ ಸರಾಸರಿ ಇಬ್ಬರೂ ಬರುವುದಿಲ್ಲ. ಅಂದರೆ ಪಟ್ಟಿಯಲ್ಲಿದ್ದವರಲ್ಲಿ ದೊಡ್ಡ ಪಾಲು ಒಂಟಿ ಜೀವಗಳು. ಗಂಡ ಸತ್ತವಳು, ಮಕ್ಕಳು ಬಿಟ್ಟು ಹೋದವರು, ಕಾಯಿಲೆ ಬಿದ್ದು ಕೂಲಿ ನಿಂತವರು, ಬುದ್ಧಿ ಸ್ಥಿಮಿತ ಇಲ್ಲದವರು. ಬಡತನ ಎಂದರೆ ಹಣವಿಲ್ಲದಿರುವುದು ಎಂದೇ ನಾನೂ ತಿಳಿದಿದ್ದೆ, ನಮ್ಮ ಭಾಗದಲ್ಲಿ ಬೆಳೆದವನಿಗೆ ಬೇರೆ ಯಾವ ಅರ್ಥ ಹೊಳೆಯುತ್ತದೆ? ಆದರೆ ಎಲ್ಲ ಯೋಜನೆಗಳೂ ಬಂದು ಹೋದ ಮೇಲೆ ತಳದಲ್ಲಿ ಉಳಿಯುವವರು ಕೇಳುವವರಿಲ್ಲದ ಜನ ಎಂದು ಈ ಪಟ್ಟಿ ತೋರಿಸಿತು.

ನಮ್ಮ ಬೀದಿಯ ತುದಿಯಲ್ಲಿ ಅಂಥ ಒಬ್ಬರಿದ್ದರು. ತೆಂಗಿನ ಮರ ಹತ್ತುವ ಕೆಲಸ ಮಾಡಿಕೊಂಡಿದ್ದವರು, ಬಿದ್ದು ಕಾಲು ಮುರಿದ ಮೇಲೆ ಬೇರೆಯವರ ಜಾಗದ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿನಲ್ಲಿ ಇರುತ್ತಿದ್ದರು. ರೇಷನ್ ಕಾರ್ಡಿಲ್ಲ, ಆಧಾರ್ ಎಲ್ಲಿ ಕಳೆದಿತ್ತೋ ಗೊತ್ತಿಲ್ಲ. ಯಾರ ಹತ್ತಿರವೂ ಕೈ ಚಾಚುತ್ತಿರಲಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಮೀಕ್ಷೆಯ ಕಾಲದಲ್ಲಿ ಅವರ ಹೆಸರು ಹೇಳಿದ್ದು ನಮ್ಮ ಮನೆ ಓನರಮ್ಮ. ಅವರು ಅಧಿಕಾರಿಯೂ ಅಲ್ಲ, ಪಕ್ಷದವರೂ ಅಲ್ಲ, ಕುಟುಂಬಶ್ರೀಯ ಅಯಲ್ಕೂಟ್ಟಂ, ಅಂದರೆ ನೆರೆಹೊರೆಯ ಗುಂಪಿನ ಸದಸ್ಯೆ ಅಷ್ಟೇ. ಒಂದು ದಿನ ವಾರ್ಡ್ ಸದಸ್ಯರೂ ಆಶಾ ಕಾರ್ಯಕರ್ತೆಯೂ ಆ ಗುಡಿಸಲಿನ ಮುಂದೆ ಕಲ್ಲಿನ ಮೇಲೆ ಕೂತು ತುಂಬ ಹೊತ್ತು ಮಾತಾಡಿ ಬರೆದುಕೊಂಡರು.

ಆಮೇಲೆ ನಡೆದದ್ದರಲ್ಲಿ ಅದ್ಭುತವೇನೂ ಇಲ್ಲ. ಮೊದಲು ಆಧಾರ್, ಆಮೇಲೆ ರೇಷನ್ ಕಾರ್ಡು. ಅಕ್ಕಿ ಬಂದರೆ ಬೇಯಿಸುವವರು ಯಾರು? ಅದಕ್ಕೆ ಜನಕೀಯ ಹೋಟೆಲಿನಿಂದ ಮಧ್ಯಾಹ್ನದ ಊಟದ ಪೊಟ್ಟಣ. ಕೋವಿಡ್ ಕಾಲದಲ್ಲಿ 20 ರೂಪಾಯಿಗೆ ಊಟ ಹಾಕಲು ಕುಟುಂಬಶ್ರೀ ಮಹಿಳೆಯರು ತೆರೆದ ಹೋಟೆಲುಗಳು ಅವು. ಪಂಚಾಯಿತಿಯ ಪಾಲಿಯೇಟಿವ್ ನರ್ಸ್ ಕಾಲಿನ ಹುಣ್ಣಿಗೆ ಬ್ಯಾಂಡೇಜು ಕಟ್ಟಲು ಬರುತ್ತಿದ್ದರು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುವ ಈ ಪದ್ಧತಿ 2008ರಲ್ಲಿ ಕೇರಳ ಅದಕ್ಕೆಂದೇ ಒಂದು ನೀತಿ ಮಾಡಿದಾಗಿನಿಂದ ಇದೆ. ಪ್ರತಿ ಕುಟುಂಬಕ್ಕೂ ಒಂದು ಬೇರೆಯೇ ಯೋಜನೆ ಬರೆಯಬೇಕು ಎಂಬುದು ಇಡೀ ಕಾರ್ಯಕ್ರಮದ ನಿಯಮವಾಗಿತ್ತು. ಒಬ್ಬರಿಗೆ ಮಾತ್ರೆ ಬೇಕು, ಮತ್ತೊಬ್ಬರಿಗೆ ಮನೆ ಬೇಕು, ಇನ್ನೊಬ್ಬರಿಗೆ ಹೊಲಿಗೆ ಯಂತ್ರ ಸಾಕು. ಈ ಮುದುಕರಿಗೆ ಬೇಕಾದದ್ದು ಊಟ, ಔಷಧಿ, ಒಂದು ಕೋಣೆ. ಅದನ್ನು ಅವರ ಬಾಯಿಂದಲೇ ಕೇಳಿ ಬರೆದಿದ್ದರು.

ನಮ್ಮಲ್ಲಿ ಇಂದಿರಾ ಕ್ಯಾಂಟೀನ್ ಇದೆ, 2017ರಿಂದ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಒಳ್ಳೆಯ ಕೆಲಸ ಅದು, ದುಡಿದು ಹಸಿದವರು ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತಾರೆ. ಆದರೆ ಅದು ಪಟ್ಟಣದಲ್ಲಿದೆ, ಕಾಲಿದ್ದವರು ನಡೆದು ಹೋಗಿ ಉಣ್ಣಬೇಕು. ಕರ್ನಾಟಕದ ಎಷ್ಟೋ ಒಳ್ಳೆಯ ಯೋಜನೆಗಳ ಸ್ವಭಾವ ಹೀಗೇ ಇದೆ. ಇಟ್ಟಿರುತ್ತಾರೆ, ಬಂದವರಿಗೆ ಸಿಗುತ್ತದೆ. ಬರಲಾರದವರ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ಊರಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಮಗ ಸೊಸೆ ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸಕ್ಕೆ. ಕಸ ಎತ್ತಿ, ಕಳೆ ತೆಗೆದು, ಅವಳ ಹೆಬ್ಬೆಟ್ಟಿನ ಗೆರೆಯೇ ಸವೆದು ಹೋಗಿದೆ. ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತು ಹಿಡಿಯುವುದಿಲ್ಲ. ವಿಧವಾ ವೇತನ ಯಾವುದೋ ತಿಂಗಳು ನಿಂತಿತು, ಯಾಕೆಂದು ಹೇಳುವವರಿಲ್ಲ. ಕಚೇರಿಗೆ ಹೋದರೆ ಈ ಕಾಗದ ತಾ, ಆ ಕಾಗದ ತಾ, ನಾಳೆ ಬಾ. ಫೋನಿನಲ್ಲಿ ನನಗೆ ಹೇಳಿದಳು: "ಬಸ್ಸು ಪುಕ್ಕಟ ಆಗ್ಯಾದ ನೋಡಪ್ಪ, ಹೋಗಾಕ ತ್ರಾಸಿಲ್ಲ. ಕೆಲಸ ಮಾತ್ರ ಆಗವಲ್ದು." ಅವಳಿಗೆ ಬೈಯುವ ಸ್ವಭಾವವಿಲ್ಲ. ನನಗೆ ಸಿಟ್ಟು ಬಂತು. ಅವಳ ಓಣಿಯಲ್ಲೇ ಪಂಚಾಯಿತಿ ಸದಸ್ಯರ ಮನೆಯಿದೆ, ಅಂಗನವಾಡಿ ಇದೆ, ಆಶಾ ಕಾರ್ಯಕರ್ತೆ ದಿನಾ ಹಾಯುತ್ತಾಳೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ದೊಡ್ಡವ್ವನ ಹೆಬ್ಬೆಟ್ಟಿನ ಕಥೆ ಕೇಳಿ, ಬರೆದುಕೊಂಡು, ಸರಿಮಾಡಿಸಿ ಬರುವುದು ತಮ್ಮ ಕೆಲಸ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ.

ಕುಟುಂಬಶ್ರೀಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಅದಿಲ್ಲದೆ ಈ ಪಟ್ಟಿ ಆಗುತ್ತಿರಲಿಲ್ಲ. 1998ರ ಮೇ 17ರಂದು ಮಲಪ್ಪುರಂನಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದ್ದು, ಆಗ ರಾಜ್ಯದಲ್ಲಿ ಇದ್ದದ್ದು ಎಡರಂಗದ ಸರ್ಕಾರ. ಅದಾದ ಮೇಲೆ ಎಡರಂಗವೂ ಕಾಂಗ್ರೆಸ್ ನೇತೃತ್ವದ ರಂಗವೂ ಆಳಿದವು, ಯಾರೂ ಅದನ್ನು ಮುಚ್ಚಲಿಲ್ಲ. ಈಗ ಸದಸ್ಯೆಯರು 45 ಲಕ್ಷಕ್ಕೂ ಹೆಚ್ಚು. ನೆರೆಮನೆಯ ಹತ್ತಿಪ್ಪತ್ತು ಹೆಂಗಸರದೊಂದು ಅಯಲ್ಕೂಟ್ಟಂ, ವಾರ್ಡಿಗೊಂದು ಒಕ್ಕೂಟ, ಪಂಚಾಯಿತಿಗೊಂದು ಸೊಸೈಟಿ, ಮೇಲಿನ ಪದಗಳಿಗೆ ಚುನಾವಣೆ. ಭಾನುವಾರ ಮಧ್ಯಾಹ್ನ ನಮ್ಮ ಓನರಮ್ಮನ ಜಗಲಿಯಲ್ಲಿ ಕೂಡುತ್ತಾರೆ. ಸಣ್ಣ ಉಳಿತಾಯದ ದುಡ್ಡು, ಪುಸ್ತಕದಲ್ಲಿ ಬರಹ, ಚಹಾ, ಬಾಳೆಹಣ್ಣಿನ ಬಜ್ಜಿ. ಆ ಮೇಲೆ ಮಾತು. ಯಾರ ಮಗಳ ಫೀಸು ಕಟ್ಟಿಲ್ಲ, ಯಾರ ಮನೆಯಲ್ಲಿ ಗಂಡ ಕುಡಿದು ಹೊಡೆಯುತ್ತಾನೆ, ಪಂಚಾಯಿತಿಯ ಚರಂಡಿ ಕೆಲಸ ಎಲ್ಲಿಗೆ ಬಂತು, ಎಲ್ಲವೂ ಅಲ್ಲಿ ಬರುತ್ತದೆ. ನನ್ನ ಹೆಂಡತಿ ಮೊದಲು ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ಈಗ ಅವರ ನಡುವೆ ಕೂತು ಅರ್ಧ ಮಲಯಾಳದಲ್ಲಿ ವಾದ ಮಾಡುತ್ತಾಳೆ.

ನಮ್ಮೂರಲ್ಲಿ ಸಂಘಗಳಿಲ್ಲವೇ? ಬೇಕಾದಷ್ಟಿವೆ. ಸ್ತ್ರೀಶಕ್ತಿ ಸಂಘಗಳು 2000ದ ಹೊತ್ತಿಗೇ ಬಂದವು, ಈಗ ಸಂಜೀವಿನಿ ಒಕ್ಕೂಟಗಳಿವೆ. ಅಲ್ಲೂ ಹೆಂಗಸರು ಜಾಣೆಯರು, ಲೆಕ್ಕದಲ್ಲಿ ಒಂದು ಪೈಸೆ ತಪ್ಪುವುದಿಲ್ಲ. ಆದರೆ ನಮ್ಮ ಕಡೆ ಸಂಘ ಎಂದರೆ ಬಹುಮಟ್ಟಿಗೆ ಸಾಲ. ವಾರದ ಆ ದಿನ ಕಿರುಸಾಲದ ಕಂಪನಿಯ ಹುಡುಗ ಬೈಕಿನಲ್ಲಿ ಬಂದು ಕೂತ ಮೇಲೆ ಕಂತು ಕಟ್ಟುವುದು ಬಿಟ್ಟು ಬೇರೆ ಮಾತಿಲ್ಲ. ಒಬ್ಬಳದು ತಪ್ಪಿದರೆ ಉಳಿದವರು ತುಂಬಬೇಕು, ತುಂಬಿದವರು ಅವಳ ಮನೆ ಮುಂದೆ ಹೋಗಿ ಜಗಳ ಮಾಡಬೇಕು. ನೆರೆಯವಳನ್ನು ನೆರೆಯವಳ ಮೇಲೆ ಕಾವಲಿಗೆ ನಿಲ್ಲಿಸುವ ಏರ್ಪಾಡು ಇದು. ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಹೆಚ್ಚಾಗಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಎರಡೂ ಕಡೆ ಹತ್ತಿಪ್ಪತ್ತು ಹೆಂಗಸರೇ, ಎರಡೂ ಕಡೆ ಜಗಲಿಯೇ. ಒಂದು ಕಡೆ ಪಂಚಾಯಿತಿ ಅವರ ಬೆನ್ನಿಗಿದೆ, ನಮ್ಮ ಕಡೆ ಸಾಲದ ಕಂಪನಿ ಎದುರಿಗಿದೆ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಪಂಚಾಯಿತಿಯ ಕೈಗೆ ಅಧಿಕಾರ ಕೊಡುವುದನ್ನು ಇವರಿಗಿಂತ ಮೊದಲು ಯೋಚಿಸಿದವರು ನಾವೇ ಎಂಬುದು ನೆನಪಾದಾಗ. ನೀರ್‌ಸಾಬ್ ಎಂದು ಜನ ಕರೆದ, ಆಗ ಕರ್ನಾಟಕದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರು 1983ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ ತಂದರು. 1987ರಲ್ಲಿ ಚುನಾವಣೆ ನಡೆದಾಗ ನಾಲ್ಕರಲ್ಲಿ ಒಂದು ಸೀಟು ಹೆಂಗಸರಿಗೆ. ದೇಶಕ್ಕೆಲ್ಲ ಪಂಚಾಯತ್ ರಾಜ್ ತಂದ ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದು ಅದಾಗಿ ವರ್ಷಗಳ ಮೇಲೆ. ಕೇರಳದ ಪ್ರಸಿದ್ಧ ಜನಕೀಯ ಯೋಜನೆ ಶುರುವಾದದ್ದು 1996ರಲ್ಲಿ. ಅವರು ಯೋಜನಾ ಹಣದ ದೊಡ್ಡ ಪಾಲನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟರು, ಆ ಪದ್ಧತಿಯನ್ನು ಬಿಡಲಿಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆ ಮಾಡುತ್ತ ಬಂದರು. 2020ರ ಡಿಸೆಂಬರ್, ಮತ್ತೆ 2025ರ ಡಿಸೆಂಬರ್.

ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳೇ ಉರುಳಿದವು. ಇದರಲ್ಲಿ ಎಲ್ಲ ಪಕ್ಷಗಳ ಸರ್ಕಾರಗಳಿಗೂ ಪಾಲಿದೆ. ಶಾಸಕರಿಗೆ ತಮ್ಮ ಕೆಳಗೆ ಇನ್ನೊಬ್ಬ ಆರಿಸಿ ಬಂದವನಿರುವುದು ಇಷ್ಟವಿಲ್ಲ ಎಂಬುದು ಊರ ಕಟ್ಟೆಯ ಮೇಲೆ ಕೂತ ಯಾರಿಗಾದರೂ ಗೊತ್ತು. ನಜೀರ್‌ಸಾಬರ ನಾಡಿನಲ್ಲಿ ಹೀಗಾಗಬಾರದಿತ್ತು.

ನಮ್ಮ ಭಾಗ ಹಿಂದುಳಿದದ್ದು ಯಾರಿಗೂ ಗೊತ್ತಿಲ್ಲವೆಂದೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಹೆಸರು ಸಮೇತ ಹೇಳಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಎಂದು ಬಜೆಟ್ಟಿನಲ್ಲಿ ಓದಿದರು. ರಸ್ತೆ ಆಗಿವೆ, ಶಾಲೆ ಕೋಣೆಗಳಾಗಿವೆ, ನಮ್ಮ ಹುಡುಗರಿಗೆ ಡಾಕ್ಟರಿ ಸೀಟು ಸಿಕ್ಕಿವೆ. ತಾಲ್ಲೂಕಿನ ಹಿಂದುಳಿದಿರುವಿಕೆ ಅಳೆಯಲು ಕಲಿತೆವು. ತಾಲ್ಲೂಕಿನೊಳಗಿನ ದೊಡ್ಡವ್ವ ಆ ಅಳತೆಗೆ ಸಿಗಲಿಲ್ಲ. ನೀತಿ ಆಯೋಗದ ಲೆಕ್ಕದಲ್ಲಿ 2019-21ರ ಹೊತ್ತಿಗೆ ಕೇರಳದಲ್ಲಿ ಬಹು ಆಯಾಮದ ಬಡತನ (ಆರೋಗ್ಯ, ಶಿಕ್ಷಣ, ಬದುಕಿನ ಮಟ್ಟ ಮೂರನ್ನೂ ಸೇರಿಸಿ ಅಳೆದದ್ದು) ನೂರಕ್ಕೆ 0.55, ಕರ್ನಾಟಕದಲ್ಲಿ 7.58. ನಮ್ಮ ರಾಜ್ಯದ ಪಟ್ಟಿಯಲ್ಲಿ ಕೆಳಗಿರುವುದು ನಮ್ಮ ಯಾದಗಿರಿ. 2021ರ ವರದಿಯಲ್ಲಿ ಕೊಟ್ಟಾಯಂ ಜಿಲ್ಲೆಯ ಎದುರು ಸೊನ್ನೆ ಇತ್ತು.

ಹಾಗೆಂದು ನಮ್ಮ ಸರ್ಕಾರ ಕೊಟ್ಟದ್ದನ್ನು ಹಗುರ ಮಾಡಿ ಮಾತಾಡಲಾರೆ. ಗೃಹಲಕ್ಷ್ಮಿಯ ಎರಡು ಸಾವಿರ 2023ರಿಂದ ಮನೆಯೊಡತಿಯ ಖಾತೆಗೆ ಬರುತ್ತಿದೆ, ಕೆಲವು ಸಲ ತಡವಾಗಿ, ಆದರೂ ಬರುತ್ತಿದೆ. ಅದರಲ್ಲಿ ಮಾತ್ರೆ ತಂದವರು, ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಿದವರು, ಸಾಲ ತೀರಿಸಿದವರು ನಮ್ಮ ಮನೆಯಲ್ಲೇ ಇದ್ದಾರೆ. ಇಷ್ಟು ದೊಡ್ಡ ಮೊತ್ತ ನೇರವಾಗಿ ಹೆಂಗಸರ ಕೈಗೆ ಹೋದದ್ದು ಸಣ್ಣ ಮಾತಲ್ಲ. ಆದರೆ ಖಾತೆಗೆ ಹಣ ಬಂತೆಂದು ಫೋನಿಗೆ ಸಂದೇಶ ಬರುತ್ತದೆ, ಮನುಷ್ಯರು ಬರುವುದಿಲ್ಲ. ಆಧಾರ್ ಜೋಡಣೆ ತಪ್ಪಿ ಹಣ ನಿಂತರೆ ಯಾರನ್ನು ಕೇಳಬೇಕು? 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದವೆಂದು ಎದ್ದ ಗದ್ದಲ ನೆನಪಿದೆಯಲ್ಲ. ಸರ್ಕಾರ ಹಿಂದೆ ಸರಿಯಿತು, ಒಳ್ಳೆಯದಾಯಿತು. ಅಲ್ಲಿಯವರೆಗೆ ಯಾರು ಬಡವರು ಯಾರು ಅಲ್ಲ ಎಂದು ತೀರ್ಮಾನಿಸಿದ್ದು ಕಂಪ್ಯೂಟರ್. ಓಣಿಯವರನ್ನು ಒಂದು ಮಾತು ಕೇಳಿದ್ದರೆ ಅವರು ತೋರಿಸುತ್ತಿದ್ದರು.

ಕೇರಳವನ್ನು ಹೀಗೆ ಹೊಗಳುವಾಗ ಇಲ್ಲಿಯ ಗೆಳೆಯರೇ ನನ್ನನ್ನು ತಡೆಯುತ್ತಾರೆ, ಅವರ ಮಾತನ್ನೂ ಬರೆಯಬೇಕು. ಘೋಷಣೆಯ ದಿನ ವಿರೋಧ ಪಕ್ಷದವರು ಇದು ಮೋಸ ಎಂದು ಸಭೆಯಿಂದ ಹೊರನಡೆದರು. ಲೆಕ್ಕ ಹೇಗೆ ಹಾಕಿದಿರಿ ಎಂದು ಅರ್ಥಶಾಸ್ತ್ರಜ್ಞರು ಬಹಿರಂಗವಾಗಿ ಕೇಳಿದರು. ಮೊದಲ ಪಟ್ಟಿಯ 64,006ರಲ್ಲಿ ಕೊನೆಗೆ ಉಳಿದದ್ದು 59,277 ಕುಟುಂಬ. ನಡುವೆ 4,421 ಒಂಟಿ ಜೀವಗಳು ತೀರಿಹೋಗಿದ್ದವು, ಅಲೆಮಾರಿ 261 ಕುಟುಂಬಗಳು ಎಲ್ಲಿ ಹೋದವೋ ಸಿಗಲಿಲ್ಲ, 47 ಹೆಸರು ಎರಡೆರಡು ಸಲ ಬಂದಿದ್ದವು. ಆ 4,421ರ ಮುಂದೆ ನನ್ನ ಮಾತು ನಿಲ್ಲುತ್ತದೆ. ಪಟ್ಟಿಗೆ ಹೆಸರು ಸೇರುವ ಹೊತ್ತಿಗೇ ಅವರಲ್ಲಿ ಎಷ್ಟೋ ಜನರಿಗೆ ತಡವಾಗಿತ್ತು. ಆದರೂ ಸತ್ತವರನ್ನು ಎಣಿಸಿ ಹೇಳುವಷ್ಟು ಲೆಕ್ಕ ಇವರ ಹತ್ತಿರ ಇತ್ತು ಎಂಬುದನ್ನು ಬಿಡಲಾರೆ.

ಆದಿವಾಸಿಗಳ ವಿಷಯದಲ್ಲಿ ಕೇರಳ ತಲೆ ಎತ್ತಿ ಮಾತಾಡುವ ಹಾಗಿಲ್ಲ. 1970ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು, ಕಾಡಿನ ಜನಕ್ಕೆ ನ್ಯಾಯ ಕೊಡಲಿಲ್ಲ. ಅಟ್ಟಪ್ಪಾಡಿಯ ಕೂಸುಗಳ ಸಾವು 2013ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ವಯನಾಡಿನ ಪಣಿಯರು ಈಗಲೂ ಶುಂಠಿ ಹೊಲದ ಕೂಲಿಗೆ ನಮ್ಮ ಕೊಡಗಿಗೆ ಬರುತ್ತಾರೆ. ನಮ್ಮವರು ಬೆಂಗಳೂರಿಗೆ ಹೋದ ಹಾಗೆ ಅವರದೂ ಒಂದು ಗುಳೆ. ಪಟ್ಟಿ ಮಾಡಲು ಮನೆ ಮನೆ ಅಲೆದ ಆಶಾ ಕಾರ್ಯಕರ್ತೆಯರೇ 2025ರ ಫೆಬ್ರುವರಿಯಿಂದ ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಮಳೆ ಬಿಸಿಲಲ್ಲಿ ತಿಂಗಳುಗಟ್ಟಲೆ ಗೌರವಧನಕ್ಕಾಗಿ ಧರಣಿ ಕೂತರು. ಓದಿದ ಹುಡುಗ ಹುಡುಗಿಯರಿಗೆ ಇಲ್ಲಿ ಕೆಲಸವಿಲ್ಲ. ಓನರಮ್ಮನ ಮಗ ಇರುವುದೂ ಬೆಂಗಳೂರಿನಲ್ಲೇ, ಕಂಪನಿ ಕೆಲಸದಲ್ಲಿ. ಮತ್ತೆ ಗಲ್ಫಿನ ದುಡ್ಡಿಲ್ಲದೆ ಈ ಬೀದಿಯ ಮನೆಗಳು ಹೀಗಿರುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಲೇಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿ ಮನೆಗಳು ರಸ್ತೆಯುದ್ದಕ್ಕೂ ಒಂದರ ಪಕ್ಕ ಒಂದು ಹರಡಿಕೊಂಡಿವೆ, ಊರೆಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲ. ಈ ನಾಡು ಜಾತಿಯಿಂದ ಬಿಡಿಸಿಕೊಂಡಿಲ್ಲ, ಆದರೆ ದಲಿತ ನಾಯಕ ಅಯ್ಯಂಕಾಳಿ ನೂರು ವರ್ಷಕ್ಕೂ ಹಿಂದೆ ದಲಿತ ಮಕ್ಕಳ ಶಾಲೆಗಾಗಿ ಹೊಲದ ಕೆಲಸವನ್ನೇ ನಿಲ್ಲಿಸಿದ ನೆಲ ಇದು. ನಮ್ಮಲ್ಲಿ ಓಣಿ ಬೇರೆ, ಕೇರಿ ಬೇರೆ, ತಾಂಡಾ ಇನ್ನೂ ದೂರ. ಕೇರಿಯ ಹೆಂಗಸೂ ಗೌಡರ ಮನೆಯ ಹೆಂಗಸೂ ಒಂದೇ ಜಗಲಿಯ ಮೇಲೆ ಕೂತು ಚಹಾ ಕುಡಿಯುತ್ತ ಪಟ್ಟಿ ಮಾಡುವುದು ನಮ್ಮೂರಲ್ಲಿ ಇವತ್ತಿಗೆ ಆಗುವ ಮಾತಲ್ಲ. ಶರಣರು ಹುಟ್ಟಿದ ಸೀಮೆಯವನಾಗಿ ಇದನ್ನು ಬರೆಯಲು ನೋವಾಗುತ್ತದೆ. ಆದ್ದರಿಂದ ಕೇರಳದ ಮಾದರಿಯನ್ನು ಹಾಗೇ ಎತ್ತಿ ತಂದು ಯಾದಗಿರಿಯಲ್ಲಿ ಇಡಿ ಎಂದು ನಾನು ಹೇಳುವುದಿಲ್ಲ. ಪಟ್ಟಿ ಕೇರಿಯಿಂದ, ತಾಂಡಾದಿಂದ ಶುರುವಾಗಲಿ, ಅಲ್ಲಿಯ ಹೆಂಗಸರೇ ಬರೆಯಲಿ. ಸಂಜೀವಿನಿ ಒಕ್ಕೂಟದಲ್ಲಿ ಅಂಥ ಹೆಣ್ಣುಮಕ್ಕಳು ಈಗಾಗಲೇ ಇದ್ದಾರೆ, ಹತ್ತನೆಯ ತರಗತಿ ಓದಿದವರು, ಬ್ಯಾಂಕಿನವರ ಜೊತೆ ಜೋರಾಗಿ ಮಾತಾಡಬಲ್ಲವರು. ಅವರಿಗೆ ಇದಕ್ಕಾಗಿ ಸರಿಯಾದ ಸಂಬಳ ಕೊಡಲಿ, ಆಶಾ ಕಾರ್ಯಕರ್ತೆಯರ ಹಾಗೆ ಬೀದಿಯಲ್ಲಿ ಕೂರಿಸದಿರಲಿ. ಕಲ್ಯಾಣ ಕರ್ನಾಟಕ ಮಂಡಳಿಯ ಹಣದಲ್ಲಿ ಇದಕ್ಕೆ ಬೇಕಾಗುವುದು ಒಂದು ಸಣ್ಣ ಪಾಲು.

ಮತ್ತೆ, ಗ್ರಾಮಸಭೆಯನ್ನು ಜನ ಗುಳೆ ಹೋದ ಮೇಲೆ ಬೇಸಿಗೆಯಲ್ಲಿ ಕರೆದು, ಉಳಿದ ನಾಲ್ಕು ಜನರ ಸಹಿ ಹಾಕಿಸಿಕೊಳ್ಳುವುದನ್ನು ಬಿಡಬೇಕು. ನಾಗರ ಪಂಚಮಿಗೆ ಕರೆಯಿರಿ. ದುಡಿಯಲು ಹೋದವರೂ ಬಂದಿರುತ್ತಾರೆ, ಹೆಣ್ಣುಮಕ್ಕಳೂ ತವರಿಗೆ ಬಂದಿರುತ್ತಾರೆ, ಜೋಕಾಲಿ ಕಟ್ಟಿದ ಗಿಡದ ಕೆಳಗೆ ಇಡೀ ಊರು ಕೂತಿರುತ್ತದೆ. ಈ ಸಲ ದುಡಿಯಲು ಹೋದರೆ ಹಿಂದೆ ಯಾರನ್ನು ಬಿಟ್ಟು ಹೋಗುತ್ತೀರಿ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.